ಔರಾದಿನಿಂದ ಬಂದ ಹೊಲಿಗೆ ಯಂತ್ರ

ಭಾಲ್ಕಿ,
ಮಂಗಳವಾರ, ೧೯ ಅಕ್ಟೋಬರ್ ೧೯೪೮

ಪೂಜ್ಯ ಪತಿಯವರಿಗೆ ಶಾಂತಾಳ ಶರಣು ಶರಣಾರ್ಥಿಗಳು.

ನಿಮ್ಮ ಮೈ ಹೇಗಿದೆ? ಗಡಿ ಆಚೆಯ ಶಿಬಿರದಲ್ಲಿ ಹತ್ತಿಕೊಂಡಿದ್ದ ಚಳಿಜ್ವರ ಪೂರ್ತಿ ಬಿಟ್ಟಿತೇ, ಇಲ್ಲ ಔರಾದಿಗೆ ಬಂದ ಮೇಲೂ ಕಾಡುತ್ತಿದೆಯೇ? ಬಂಡಿ ಹೊಡೆದುಕೊಂಡು ಬಂದ ನಿಮ್ಮ ಶಿಬಿರದ ಗೆಳೆಯ ಗೋವಿಂದನನ್ನು ಕೇಳಿದರೆ, "ವೈನಿ, ದಾದಾ ಈಗ ಹೋರಿ ಆದಂಗ ಆಗ್ಯಾನ್ರಿ, ನೀವು ಗುರ್ತs ಹಿಡ್ಯಂಗಿಲ್ಲ" ಎಂದು ನಕ್ಕ. ಅವನು ಎಲ್ಲದಕ್ಕೂ ನಗುತ್ತಾನೆ, ಹಾಗಾಗಿ ನಿಮ್ಮಿಂದಲೇ ತಿಳಿಯಬೇಕು. ಅತ್ತೆಯವರ ಮೊಣಕಾಲಿನ ನೋವು ಇದ್ದ ಹಾಗೆಯೇ ಇದೆ. ನಿಮ್ಮ ಮಗಳು ನೀಲಾ ಈಗ ಬಾಗಿಲ ಚಿಲಕ ತೆಗೆಯುವಷ್ಟು ಎತ್ತರವಾಗಿದ್ದಾಳೆ, ಅದೊಂದು ಹೊಸ ಭಯ. ನೀವು ಬಂಡಿಯಲ್ಲಿ ಕಳಿಸಿದ ಹೊಲಿಗೆ ಯಂತ್ರ ಮೊನ್ನೆ ಮನೆ ಮುಟ್ಟಿತು. ಈ ಪತ್ರ ಬರೆಯಲು ಕುಳಿತದ್ದು ಅದಕ್ಕಾಗಿಯೇ. ಅದು ಯಾವ ಊರಿನ ಯಾರ ಮನೆಯದು ಎಂಬುದು ನನಗೆ ತಿಳಿಯಬೇಕು. ತಿಳಿಯುವವರೆಗೆ ನಾನು ಅದರ ಮೇಲೆ ಒಂದು ಹೊಲಿಗೆಯನ್ನೂ ಹಾಕುವುದಿಲ್ಲ. ಆದರೆ ಮೊದಲು ಮನೆಯ ಸುದ್ದಿ ಹೇಳುತ್ತೇನೆ. ನೀವು ಇಲ್ಲದಾಗ ಈ ಮನೆ ಹೇಗೆ ನಡೆಯಿತು ಎಂದು ಗೊತ್ತಾದರೆ ಮುಂದಿನದೂ ಅರ್ಥವಾಗುತ್ತದೆ.

ಕಳೆದ ವರ್ಷ ರಜಾಕಾರರ ವಿರುದ್ಧದ ಶಿಬಿರ ಸೇರಲು ನಿಜಾಮನ ಗಡಿ ದಾಟುವ ಮುನ್ನ ನೀವು "ಮನಿ ಸಂಭಾಳಸು" ಎಂದಷ್ಟೇ ಹೇಳಿ ಹೋದಿರಿ. ಹೇಗೆ ಎಂಬುದನ್ನು ನಾವೇ ಕಲಿತೆವು. ಮಳೆಗೆ ಮುಂಚೆ ಮಾಳಿಗೆಗೆ ಮಣ್ಣು ಹಾಕಲು ಆಳು ಸಿಗಲಿಲ್ಲ, ಸಿಕ್ಕರೂ ಕೊಡುವ ಕೂಲಿ ನಮ್ಮಲ್ಲಿರಲಿಲ್ಲ. ನಾನೂ ಅತ್ತೆಯವರೂ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ಹರಡಿ, ಬಟ್ಟೆ ಬಡಿಯುವ ಕೊಡತಿಯಿಂದಲೇ ಬಡಿದು ಗಟ್ಟಿ ಮಾಡಿದೆವು. ಈ ಮಳೆಗಾಲ ಸೋರಿದ್ದು ಬೆಳಕಿಂಡಿಯ ಪಕ್ಕದಲ್ಲಿ ಮಾತ್ರ. ಹೊರಗಿನ ಮಾಲು ಬರುವುದು ನಿಂತ ಮೇಲೆ ಸೀಮೆಎಣ್ಣೆ ಕಣ್ಣಿಗೆ ಬೀಳಲಿಲ್ಲ, ಕುಸುಬಿ ಎಣ್ಣೆಯ ಪಣತಿಯೇ ಗತಿಯಾಯಿತು. ಉಪ್ಪು ಮುಗಿದಾಗ ಉಪ್ಪಿದ್ದ ಗೋಣಿಚೀಲವನ್ನು ನೀರಿನಲ್ಲಿ ನೆನೆಸಿ, ಆ ನೀರನ್ನು ಸೋಸಿ ಬೇಳೆಗೆ ಹಾಕಿದೆವು. ಬಟ್ಟೆಗೆ ಅಂಟುವಾಳ, ಪಾತ್ರೆಗೆ ಬೂದಿ. ಬೆಂಕಿಕಡ್ಡಿ ಉಳಿಸಲು ಒಲೆಯ ಕೆಂಡದ ಮೇಲೆ ಕುಳ್ಳು ಇಟ್ಟು ಬೂದಿ ಮುಚ್ಚಿಡುತ್ತಿದ್ದೆವು. ಯಾರ ಮನೆಯ ಕೆಂಡ ಆರಿದರೂ ಪಕ್ಕದ ಮನೆಯಿಂದ ತರುವುದು ಓಣಿಯ ರೂಢಿಯಾಯಿತು. ಹಳೆಯ ಬಟ್ಟೆಯಂತೂ ಈ ಮನೆಯಲ್ಲಿ ನೆಲಕ್ಕೆ ಬೀಳುವುದಿಲ್ಲ. ಗಟ್ಟಿ ಇದ್ದರೆ ಕೌದಿಗೆ, ಮೆತ್ತಗಿದ್ದರೆ ದೀಪದ ಬತ್ತಿಗೆ. ಜೋಳವನ್ನು ಗಡಿಗೆಗಳಲ್ಲಿ ತುಂಬಿ ಒಳಕೋಣೆಯ ನೆಲದಲ್ಲಿ ಹೂತಿದ್ದೆವು. ರಜಾಕಾರರು ಬಂದು ಎತ್ತು ಹೊಡೆದುಕೊಂಡು ಹೋದ ದಿನ ಅತ್ತೆಯವರು ಆ ನೆಲದ ಮೇಲೆಯೇ ಕೌದಿ ಹಾಸಿ ಮಲಗಿ, "ಪ್ಲೇಗ ಬಂದದರೆಪ್ಪಾ, ಒಳಗ ಬರಬ್ಯಾಡ್ರಿ" ಎಂದು ನರಳಿದರು. ಬಂದವರು ಹೊಸ್ತಿಲಿನಿಂದಲೇ ತಿರುಗಿದರು. ಆ ಜೋಳದಿಂದಲೇ ನಾವು ಬದುಕಿದೆವು.

ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ಫೌಜು ಬರುತ್ತದೆ ಎಂಬ ಸುದ್ದಿ ಹಬ್ಬಿದಾಗ ಓಡಿಹೋಗಬೇಕಾದೀತೆಂದು ಒಂದು ಗಂಟು ಕಟ್ಟಿಟ್ಟಿದ್ದೆ. ಹುರಿದ ಜೋಳದ ಹಿಟ್ಟು, ಶೇಂಗಾ, ಬೆಲ್ಲ, ನೀಲಾಳಿಗೆ ಒಂದು ಚಾದರ. ನಮಗೆ ಅದು ಬೇಕಾಗಲಿಲ್ಲ. ಫೌಜು ಮುಂದೆ ಹೋದ ಮೇಲೆ ಮುಸಲ್ಮಾನರ ಮನೆಗಳ ಲೂಟಿ ಸುರುವಾಗಿ, ಓಣಿಯ ಎದುರು ಸಾಲಿನವರಿಗೆ ಬೇಕಾಯಿತು. ದರ್ಜಿ ಮಹಮ್ಮದ ಇಸ್ಮಾಯಿಲ ಮತ್ತು ಅವನ ಹೆಂಡತಿ ಮರಿಯಮಬೀ ನಮ್ಮ ಒಳಕೋಣೆಯಲ್ಲಿ, ಆ ಖಾಲಿ ಗಡಿಗೆಗಳ ಪಕ್ಕ, ಗದ್ದಲ ತಣಿಯುವವರೆಗೆ ಇದ್ದರು. ಆ ಹಿಟ್ಟನ್ನು ಅವರೇ ಉಂಡರು. ರಜಾಕಾರರು ಓಣಿಗೆ ಬಂದಾಗಲೆಲ್ಲ ನೀಲಾಳನ್ನು ತನ್ನ ಮಗ್ಗುಲಲ್ಲಿ ಮಲಗಿಸಿಕೊಂಡವಳು ಮರಿಯಮಬೀ. ಇದನ್ನು ನಿಮಗೆ ಬರೆದಿರಲಿಲ್ಲ, ಯಾರ ಕೈಗೆ ಸಿಗುತ್ತದೋ ಎಂಬ ಹೆದರಿಕೆಯಿಂದ. ಇಸ್ಮಾಯಿಲನ ಅಂಗಡಿಯ ಬಾಗಿಲು ಮುರಿದರು, ಯಂತ್ರ ಹೋಯಿತು, ಬಟ್ಟೆಯ ಥಾನುಗಳೂ ಹೋದವು. ಈಗ ಅವನು ಹಗಲಿನಲ್ಲೂ ಮನೆ ಬಿಟ್ಟು ಹೊರಗೆ ಬರುವುದಿಲ್ಲ.

ಇಂಥ ಹೊತ್ತಿನಲ್ಲಿ ನಿಮ್ಮ ಬಂಡಿ ಬಂತು. ಕರಿಯ ಕೈಯಂತ್ರ, ಹೊಟ್ಟಿನಲ್ಲಿ ಹುಗಿದು, ಮೇಲೆ ಗೋಣಿ ಹೊದಿಸಿತ್ತು. ಜೊತೆಗೆ ನಿಮ್ಮ ಚೀಟಿ: ಊರು ಬಿಟ್ಟು ಹೋಗುವವರಿಂದ ಅಗ್ಗಕ್ಕೆ ಸಿಕ್ಕಿತು, ಇನ್ನು ದರ್ಜಿಯ ಕೂಲಿ ಉಳಿಯಿತು, ನೀಲಾಳ ಅಂಗಿ, ನಿನ್ನ ಕುಪ್ಪಸ ಮನೆಯಲ್ಲೇ ಹೊಲಿ. ಸುಳ್ಳು ಹೇಳುವುದಿಲ್ಲ, ಓದಿ ನನಗೆ ಖುಷಿಯಾಯಿತು. ಎರಡು ವರ್ಷದಿಂದ ತೇಪೆ ಹಾಕಿದ ಕುಪ್ಪಸವನ್ನೇ ತೊಡುತ್ತಿದ್ದೇನೆ. ಗೋಣಿ ಸರಿಸಿದಾಗ ಸೂಜಿಯಲ್ಲಿ ನೂಲು ಪೋಣಿಸಿದ್ದು ಕಂಡಿತು, ಸೂಜಿ ಒಂದು ಚೂರು ಬಟ್ಟೆಯಲ್ಲಿ ಇಳಿದು ನಿಂತಿತ್ತು. ಆಗ ಅದರ ಬಗ್ಗೆ ಯೋಚಿಸಲಿಲ್ಲ. ಸಂಜೆಯ ನೀರು ತರಲು ಬಾವಿಗೆ ಹೋದೆ. ಬರುವಷ್ಟರಲ್ಲಿ ಅತ್ತೆಯವರು ಆ ಬಟ್ಟೆಯನ್ನು ಬಿಡಿಸಿ, ಒಂದು ತುದಿ ಹರಿದು, ಹೊಸೆದು, ದೇವರ ಜಗಲಿಯ ಪಣತಿ ಹಚ್ಚಿದ್ದರು. "ಚಲೋ ಮೆತ್ತನ್ನ ಅರಿವಿ ಸಿಕ್ತು ನೋಡs, ಬತ್ತಿ ಹ್ಯಾಂಗ ಉರೀತದ" ಎಂದರು.

ಉಳಿದ ಬಟ್ಟೆಯನ್ನು ಎತ್ತಿ ನೋಡಿದೆ. ಅದು ಅಂಗಿ. ನನ್ನ ಎರಡು ಅಂಗೈ ಜೋಡಿಸಿದರೆ ಮುಚ್ಚುವಷ್ಟು ಸಣ್ಣದು. ಒಂದು ಮಗ್ಗುಲು ಹೊಲಿದಿತ್ತು, ಇನ್ನೊಂದು ಅರ್ಧಕ್ಕೆ ನಿಂತಿತ್ತು. ಒಂದು ತೋಳು ಇತ್ತು, ಇನ್ನೊಂದು ಜಗಲಿಯಲ್ಲಿ ಉರಿಯುತ್ತಿತ್ತು. ಬಟ್ಟೆ ಹಳೆಯ ಸೀರೆಯದು. ನಿಮಗೆ ಗೊತ್ತಿರಲಿಕ್ಕಿಲ್ಲ, ಇದು ಹೆಂಗಸರ ವಿಷಯ. ಹುಟ್ಟುವ ಕೂಸಿಗೆ ಮೊದಲ ಅಂಗಿಯನ್ನು ಹೊಸ ಬಟ್ಟೆಯಲ್ಲಿ ಹೊಲಿಯುವುದಿಲ್ಲ. ಮನೆಯ ಹಿರಿಯ ಹೆಣ್ಣುಮಗಳು ಉಟ್ಟುಟ್ಟು ಮೆತ್ತಗಾದ ಸೀರೆಯಲ್ಲಿ ಹೊಲಿಯುತ್ತಾರೆ. ನಮ್ಮಲ್ಲಿಯೂ ಹಾಗೆಯೇ, ಅವರಲ್ಲಿಯೂ ಹಾಗೆಯೇ. ನೀಲಾಳಿಗೆ ಹೊಲಿದದ್ದು ನಿಮ್ಮ ಅಜ್ಜಿಯ ಸೀರೆಯಲ್ಲಿ. ಅಂದರೆ ಈ ಯಂತ್ರವಿದ್ದ ಮನೆಯಲ್ಲಿ ಒಬ್ಬಳು ತುಂಬಿದ ಬಸುರಿ ಇದ್ದಳು, ಇಲ್ಲವೇ ಆಗಷ್ಟೇ ಹೆತ್ತವಳು. ಯಂತ್ರ ಮಾರುವವರು ಇನ್ನೊಂದು ಮಗ್ಗುಲು ಹೊಲಿದು ಮುಗಿಸಿ ಕೊಡುತ್ತಿದ್ದರು, ಅದಕ್ಕೆ ಎಷ್ಟು ಹೊತ್ತು ಬೇಕು? ಊರು ಬಿಟ್ಟು ಹೋಗುವವರು ಆ ಅಂಗಿಯನ್ನಾದರೂ ಬಿಚ್ಚಿಕೊಂಡು ಹೋಗುತ್ತಿದ್ದರು. ಸೂಜಿ ಬಟ್ಟೆಯಲ್ಲಿ ಇಳಿದಿರುವಾಗಲೇ ಎದ್ದವರು ಮಾರಲು ಎದ್ದವರಲ್ಲ. ಇಷ್ಟು ನನಗೆ ತಿಳಿಯುತ್ತದೆ. ಮುಂದಿನದು ನಿಮಗೆ ತಿಳಿದಿದೆ.

ಮರುದಿನ ಗೋವಿಂದ ಊಟಕ್ಕೆ ಬಂದಾಗ ಕೇಳಿದೆ. "ಖರೀದಿ ಮಾಡಿದ್ದರಿ ವೈನಿ" ಎಂದ. ಯಾರಿಂದ ಎಂದೆ. "ಹೋಗವ್ರು ಕೊಟ್ಟು ಹೋದ್ರು." ಅವರ ಹೆಸರೇನು ಎಂದೆ. "ಅಯ್ಯ, ನಿಜಾಮನ ಪೊಲೀಸ ಅಮೀನಸಾಬ ಹೋದ ಅಂದ್ರ ನೀವು ಬಂದು ಕುಂತ್ರಿ ನೋಡ್ರಿ! ರೊಟ್ಟಿ ಹಾಕ್ರಿ ಮೊದಲ" ಎಂದು ನಕ್ಕ. ಊರು ಯಾವುದು ಎಂದಾಗ ಮಾತ್ರ ನಗಲಿಲ್ಲ. "ದಾದಾನ್ನ ಕೇಳ್ರಿ. ನಾ ಬಂಡಿ ಹೊಡ್ಯಾಂವ" ಎಂದು ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದ. ಲೂಟಿಯ ಮಾಲನ್ನು ಚಾವಡಿಗೆ ತಂದೊಪ್ಪಿಸಬೇಕೆಂದು ಇಲ್ಲಿ ಡಂಗುರ ಸಾರಿದ್ದಾರೆ. ಅದಕ್ಕೆ ಹೆದರಿ ಕೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಚಾವಡಿಯ ಮುಂದೆ ರಾಶಿ ಬಿದ್ದ ಬಾಗಿಲು, ಹಂಡೆಗಳನ್ನು ನೋಡಿದ್ದೇನೆ. ಅವನ್ನು ಒಯ್ಯಲು ಯಾರೂ ಬರುತ್ತಿಲ್ಲ.

ಅತ್ತೆಯವರಿಗೆ ನನ್ನ ಪ್ರಶ್ನೆ ಸಿಟ್ಟು ತರಿಸಿತು. "ನಮ್ಮ ಎತ್ತ ಹೊಡಕೊಂಡು ಹೋದಾಗ ಯಾರ ಕೇಳಿದ್ರು, ಇದು ಯಾರ ಮನೀದಂತ?" ಎಂದರು. ಎತ್ತು ಒಯ್ದವರು ಈ ಅಂಗಿಯ ಮನೆಯವರೇ ಏನ್ರಿ ಎಂದೆ. "ಒಯ್ದವ್ರು ಯಾರರೆ ಆಗಲಿ. ನನ್ನ ಮಗ ಜ್ವರದಾಗ ಬಿದ್ದು ಊರೂರು ತಿರಗ್ಯಾನ. ಮನೀಗಿ ಒಂದು ಸಾಮಾನ ಕಳಸಿದ್ರ ನೀ ಪಂಚಾಯತಿ ಕೂಡಸ್ತಿ." ಅವರ ಮಾತಿನಲ್ಲಿ ಸುಳ್ಳಿಲ್ಲ. ನಮ್ಮ ಎತ್ತುಗಳನ್ನು ನೆನೆದು ಅವರು ಈಗಲೂ ಖಾಲಿ ಕೊಟ್ಟಿಗೆ ಗುಡಿಸುತ್ತಾರೆ.

ಆದರೆ ಇವತ್ತು ಮಧ್ಯಾಹ್ನ ಮರಿಯಮಬೀ ಕೆಂಡಕ್ಕೆಂದು ಬಂದಳು. ಪಡಸಾಲೆಯಲ್ಲಿ ಯಂತ್ರ ನೋಡಿ ನಿಂತಳು. ಔರಾದಿನ ಕಡೆಯಿಂದ ಬಂತು ಎಂದು ಅತ್ತೆಯವರು ಆಗಲೇ ಓಣಿಗೆಲ್ಲ ಹೇಳಿದ್ದರು. ಮರಿಯಮಬೀಯ ತಂಗಿ ಚಾಂದಬೀ ನಿಮಗೆ ನೆನಪಿರಬೇಕು. ಇಸ್ಮಾಯಿಲನ ಕೈಕೆಳಗೆ ಹೊಲಿಗೆ ಕಲಿತ ಮಕ್ಸೂದನಿಗೆ ಕೊಟ್ಟಿದ್ದು, ಔರಾದಿನ ಕಡೆ, ಎಕಂಬಾದ ಆಚೆಯ ಹಳ್ಳಿಗೆ. ಅವಳಿಗೆ ಇದೇ ತಿಂಗಳು ದಿನ ತುಂಬಬೇಕಿತ್ತು. ಸೆಪ್ಟೆಂಬರಿನಿಂದ ಅವರ ಸುದ್ದಿಯಿಲ್ಲ. ಮರಿಯಮಬೀ ಇಸ್ಮಾಯಿಲನನ್ನು ಹಿತ್ತಲ ಬಾಗಿಲಿನಿಂದ ಕರೆತಂದಳು. ಅವನು ಯಂತ್ರವನ್ನು ಮುಟ್ಟಲಿಲ್ಲ, ದೂರದಿಂದ ನೋಡಿ, "ಮಕ್ಸೂದಂದೂ ಇಂಥಾದ್ದs ಅದರಿ. ಎಲ್ಲಾರದೂ ಇಂಥಾದ್ದs ಇರ್ತದರಿ" ಎಂದ. ಅಂಗಿಯನ್ನು ತೋರಿಸಬೇಕೋ ಬೇಡವೋ ಎಂದು ನಾನು ಒದ್ದಾಡುತ್ತಿರುವಾಗ ನೀಲಾ ಅದನ್ನು ತಂದು ಅವಳ ಕೈಯಲ್ಲಿಟ್ಟಳು. ಮರಿಯಮಬೀ ಅಂಚು ತಿರುವಿ ನೋಡಿದಳು, ಮೂಸಿ ನೋಡಿದಳು. "ನಮ್ಮವ್ವನ ಸೀರೀನೂ ಹಿಂಗ ಇತ್ತು. ಹಳೀ ಸೀರಿ ಎಲ್ಲಾ ಒಂದ ನಮೂನಿ ಆಗ್ತಾವರಿ" ಎಂದಳು. ಆಮೇಲೆ, "ಇನ್ನೊಂದು ತೋಳ ಎಲ್ಲದರಿ?" ಎಂದು ಕೇಳಿದಳು. ಅತ್ತೆಯವರು ಗೋಡೆ ಹಿಡಿದು ಎದ್ದು ಬಂದು, "ನಾನs ಹರದ್ನೆವ್ವಾ. ಬತ್ತಿ ಮಾಡಿ ಸುಟ್ಟೆ" ಎಂದರು. ಇಬ್ಬರೂ ಅಳಲಿಲ್ಲ. ಮರಿಯಮಬೀ ಕೆಂಡ ತೆಗೆದುಕೊಳ್ಳುವುದನ್ನು ಮರೆತು ಹೋದಳು. ಇವತ್ತು ಸಂಜೆ ಅತ್ತೆಯವರು ಜಗಲಿಯ ದೀಪ ನೀನೇ ಹಚ್ಚು ಎಂದರು.

ನಾನು ನಿಮ್ಮ ಮೇಲೆ ಏನನ್ನೂ ಹೊರಿಸುತ್ತಿಲ್ಲ. ನೀವು ಆ ಮನೆಯ ಹೊಸ್ತಿಲು ತುಳಿದಿರಲಿಕ್ಕಿಲ್ಲ, ಯಾರೋ ತಂದದ್ದನ್ನು ಕೊಂಡಿರಬಹುದು. ಹಾಗಿದ್ದರೆ ಹಾಗೆಂದು ಬರೆಯಿರಿ, ತಂದವನ ಹೆಸರನ್ನೂ ಬರೆಯಿರಿ. ಹಾಗಲ್ಲದಿದ್ದರೆ ಅದನ್ನೂ ಬರೆಯಿರಿ. ಆ ಬಸುರಿಯನ್ನು ಕೊನೆಗೆ ನೋಡಿದವರು ಯಾರು, ಅವಳು ಎತ್ತ ಹೋದಳು ಎಂಬುದು ತಿಳಿಯಬೇಕು. ಹುಡುಕುವುದಾದರೆ ಊರಿನಿಂದಲೇ ಹುಡುಕಲು ಸುರು ಮಾಡಬೇಕು. ದೀಪಾವಳಿಗೆ ಬರುತ್ತೇನೆ ಎಂದಿದ್ದೀರಿ. ಈ ಪತ್ರಕ್ಕೆ ಉತ್ತರ ಮೊದಲು ಬರಲಿ, ನೀವು ಆಮೇಲೆ ಬನ್ನಿ. ಕೂಲಿ ಉಳಿಸುವ ವಿದ್ಯೆ ನನಗೆ ಸಾಕಷ್ಟು ಬಂದಿದೆ, ಕುಪ್ಪಸವನ್ನು ಕೈಯಲ್ಲೇ ಹೊಲಿದುಕೊಳ್ಳುತ್ತೇನೆ.

ಬೆಳಗಿನ ಮಂಜಿನಲ್ಲಿ ತಿರುಗಾಡಬೇಡಿ, ಕಿವಿಗೆ ವಸ್ತ್ರ ಕಟ್ಟಿಕೊಳ್ಳಿ. ಅತ್ತೆಯವರ ಆಶೀರ್ವಾದ. ನೀಲಾ ನಿಮ್ಮ ಮುಖ ಮರೆತಿದ್ದಾಳೆ, ಆದರೂ ಅಪ್ಪಾಗೆ ಶರಣು ಎಂದು ಹೇಳಲು ಕಲಿತಿದ್ದಾಳೆ.

ನಿಮ್ಮ,
ಶಾಂತಾ

ತಾ.ಕ.: ಈ ಪತ್ರವನ್ನು ಗೋವಿಂದನ ಕೈಯಲ್ಲಿ ಕೊಡುವುದಿಲ್ಲ. ನಾನೇ ತರುತ್ತಿದ್ದೇನೆ. ಬೆಳಿಗ್ಗೆ ಅವನ ಬಂಡಿ ಸಂತಪುರದ ಮೇಲೆ ಔರಾದಿಗೆ ಹೊರಡುತ್ತದೆ, ಯಂತ್ರವನ್ನು ಅದರಲ್ಲೇ ಹೇರಿದ್ದೇವೆ. ಕೆಟ್ಟಿದೆ, ದಾದಾನಿಗೆ ತೋರಿಸಬೇಕು ಎಂದು ಅವನಿಗೆ ಹೇಳಿದ್ದೇನೆ. ಮರಿಯಮಬೀಯೂ ಬರುತ್ತಾಳೆ. ಆ ದಾರಿಯಲ್ಲಿ ಇಸ್ಮಾಯಿಲ ಬರುವಂತಿಲ್ಲ. ಅವಳು ನನ್ನ ಸೀರೆ ಉಟ್ಟಿದ್ದಾಳೆ, ಭಾತಂಬ್ರಾದ ನಮ್ಮ ಚಿಗವ್ವ ಎಂದು ಗೋವಿಂದನಿಗೆ ಪರಿಚಯ ಮಾಡಿಸಿದ್ದಾಗಿದೆ. ಅವಳ ಹಣೆಗೆ ವಿಭೂತಿ ಹಚ್ಚಿದವರು ಅತ್ತೆಯವರು, ಬುತ್ತಿ ಕಟ್ಟಿದವರೂ ಅವರೇ. ನೀಲಾಳನ್ನು ತಾವು ನೋಡಿಕೊಳ್ಳುವುದಾಗಿ ಹೇಳಿದ್ದಾರೆ. ನೀವು ಇದನ್ನು ಓದುವಾಗ ನಾವಿಬ್ಬರೂ ನಿಮ್ಮ ಎದುರಿಗೇ ನಿಂತಿರುತ್ತೇವೆ. ಊರಿನ ಹೆಸರನ್ನು ನನಗೆ ಹೇಳಬೇಡಿ. ತಲೆ ಎತ್ತಿ ಅವಳಿಗೆ ಹೇಳಿ.