ನನ್ನ ಮಗಳಿಗೆ ಅವಳ ಹೆಸರು

ನಂದಗಡ, ತಾಲೂಕು ಖಾನಾಪುರ
ಶನಿವಾರ, 13 ಡಿಸೆಂಬರ್ 2025

ಪ್ರೀತಿಯ ನಮ್ಮ ಮನೆಯವರಿಗೆ,

ನಮಸ್ಕಾರ. ಹೇಗಿದ್ದೀರಿ? ರಾಜಕೋಟದಲ್ಲಿ ಈ ಸಲ ಚಳಿ ಜೋರು ಎಂದು ಟಿವಿಯಲ್ಲಿ ಹೇಳುತ್ತಿದ್ದರು. ಹಗಲೆಲ್ಲ ಹೊಸ ಫೌಂಡ್ರಿಯ ಭಟ್ಟಿಯ ಮುಂದೆ ನಿಂತು, ಸಂಜೆ ಬೆವರು ಆರುವ ಮೊದಲೇ ತಣ್ಣೀರು ಸುರಿದುಕೊಳ್ಳುವ ಚಟ ಅಲ್ಲಿಯಾದರೂ ಬಿಟ್ಟಿದ್ದೀರೋ ಇಲ್ಲವೋ. ಕೆಮ್ಮು ಕಡಿಮೆಯಾಯಿತೇ? ಅಲ್ಲಿಯವರು ಪಲ್ಯಕ್ಕೂ ಸಕ್ಕರೆ ಹಾಕುತ್ತಾರೆಂದು ಗೋಳಾಡಿದ್ದಿರಲ್ಲ, ಕಳಿಸಿದ ಶೇಂಗಾ ಚಟ್ನಿ ಮುಗಿದಿದ್ದರೆ ತಿಳಿಸಿ, ಇನ್ನೊಂದು ಡಬ್ಬಿ ಕಳಿಸುತ್ತೇನೆ. ನಿಮ್ಮ ಮಗಳು ಆರಾಮಾಗಿದ್ದಾಳೆ. ಹಗಲಿಡೀ ನಿದ್ದೆ, ಕತ್ತಲಾದರೆ ರಂಪ. ಮೂಗು ನಿಮ್ಮದು, ಸಿಟ್ಟು ನನ್ನದು ಎಂದು ನಮ್ಮವ್ವ ಹೇಳುತ್ತಾಳೆ. ನನಗೆ ಬಾಣಂತಿಯೆಂದು ದಿನಕ್ಕೆರಡು ಸಲ ಬಿಸಿನೀರು ಹೊಯ್ದು, ಕಿವಿಗೆ ಅರಿವೆ ಕಟ್ಟಿ ಕೂರಿಸಿದ್ದಾಳೆ. ಕಿವಿ ಕಟ್ಟಿದರೂ ಕೇಳಬೇಕಾದ್ದೂ ಕೇಳಬಾರದ್ದೂ ಎಲ್ಲ ಕೇಳಿಸುತ್ತದೆ.

ಫೋನ್ ಇರುವಾಗ ಪತ್ರವೇಕೆ ಎಂದು ನಿಮಗೆ ಅನ್ನಿಸಬಹುದು. ನಿಮ್ಮ ಅವ್ವ ಇಲ್ಲಿಗೆ ಬಂದು ಇಳಿದುಕೊಂಡ ದಿನದಿಂದ, ನಿಮ್ಮ ಫೋನ್ ಬಂದರೆ ಸಾಕು, ಸ್ಪೀಕರ್ ಹಾಕು ಅನ್ನುತ್ತಾರೆ. ಅವರ ಎದುರಿಗೆ ನಾನು ಏನು ಹೇಳಲಿ? ಹೇಳಿದರೂ ಅರ್ಧಕ್ಕೇ ನೀವು "ಆತು, ನೋಡೂಣು" ಎಂದು ಇಟ್ಟುಬಿಡುತ್ತೀರಿ. ಪತ್ರವನ್ನು ಅರ್ಧಕ್ಕೆ ಇಡಲು ನಿಮ್ಮ ಕೈಲಿ ಆಗುವುದಿಲ್ಲ, ಅಷ್ಟು ನಿಮ್ಮನ್ನು ಬಲ್ಲೆ. ಕೂತು ಪೂರ್ತಿ ಓದಿ.

ನಿನ್ನೆ ಶುಕ್ರವಾರ ತೊಟ್ಟಿಲ ಕಾರ್ಯ ಆಯಿತು. ಅದಕ್ಕೆ ಮೊದಲು ಇಲ್ಲಿ ನಡೆದದ್ದನ್ನು ಯಾರೂ ನಿಮಗೆ ಹೇಳಿರಲಾರರು. ಅತ್ತೆಯವರು ಪ್ರಮಿಳಾಳನ್ನು ಕರೆದುಕೊಂಡು ಬೆಳಗಾವಿಯಿಂದ ಬಂದವರೇ, ಕಾಲಿಗೆ ನೀರು ಹಾಕಿಕೊಳ್ಳುವ ಮೊದಲು ಕೂಸಿನ ಮುಖ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನಮ್ಮವ್ವನಿಗೆ ಹೇಳಿದರು: "ಹೆಸರು ಹುಡಕೂ ತ್ರಾಸ ಇಲ್ರಿ. ಮಾಲಾ ಅಂತ ಇಡೂಣು. ಪಾಪ, ಒಂದ ಕೂಸಿನ ಮಾರಿ ನೋಡದ ಹೋತು ಆ ಜೀವ. ಅಕಿ ಹೆಸರರೆ ತೊಟ್ಟಲದಾಗ ಆಡ್ಲಿ." ನಮ್ಮವ್ವ ನನ್ನ ಪರ ನಿಲ್ಲುತ್ತಾಳೆಂದು ನಾನು ಕಾದೆ. ಅವಳೂ "ಖರೇ ಐತ್ರಿ, ಸತ್ತವರ ಹೆಸರು ಮನ್ಯಾಗ ಉಳೀಬೇಕು" ಅಂದಳು. ಪ್ರಮಿಳಾ ಆಗಲೇ ಅಳುತ್ತಿದ್ದಳು. ನಿಮ್ಮ ತಂಗಿಗೆ ಆ ಮೊದಲ ಅತ್ತಿಗೆ ಎಂದರೆ ಎಷ್ಟು ಪ್ರೀತಿಯಿತ್ತು ಎಂದು ನನಗೆ ಗೊತ್ತು, ಗೊತ್ತಾಗುವಂತೆಯೇ ಅವಳು ಅಳುತ್ತಾಳೆ. ಒಳಗೆ ಹೊರಸಿನ ಮೇಲೆ ಮಲಗಿದ್ದ ನನ್ನನ್ನು ಯಾರೂ ಕೇಳಲಿಲ್ಲ. ಹೆತ್ತವಳು ನಾನು ಎಂಬುದು ಅವರಿಗೆ ಮರೆತೇ ಹೋಗಿತ್ತು.

ಹೌದು, ನನಗೆ ಹೊಟ್ಟೆಕಿಚ್ಚು. ಬರೆದೇಬಿಟ್ಟೆ, ಓದಿ. ಮದುವೆಯಾಗಿ ಬಂದ ದಿನದಿಂದ ಇದೆ, ಹೇಳಿರಲಿಲ್ಲ ಅಷ್ಟೇ. ಬೆಳಗಾವಿಯ ಸದಾಶಿವನಗರದ ಮನೆಯಲ್ಲಿ ಯಾವ ಡಬ್ಬಿ ತೆಗೆದರೂ, ಯಾವ ತಾಟು ಮಗುಚಿ ತೊಳೆದರೂ, "ಸೌ. ಮಾಲಾ" ಎಂದು ಕೊರೆಸಿದ ಅಕ್ಷರ ಕೈಗೆ ತಾಗುತ್ತದೆ. ಅವಳ ತವರಿನವರು ಕೊಟ್ಟ ಪಾತ್ರೆಗಳು, ಒಪ್ಪಿದೆ. ಆದರೆ ನಾನು ಮಾಡಿದ ಅನ್ನವನ್ನು ನಾನು ಅವಳ ತಾಟಿನಲ್ಲಿ ಉಣ್ಣಬೇಕು, ನೀವೂ ಅವಳ ತಾಟಿನಲ್ಲೇ ಉಣ್ಣುತ್ತೀರಿ. ಉಂಡು ಮೇಲೆದ್ದು "ಮಾಲಾನ ಕೈಯಾಗ ಬ್ಯಾಳಿ ಆಮಟಿ ಇನ್ನಾ ಖಾರ ಇರತಿತ್ತು" ಎಂದು ಅತ್ತೆ ಹೇಳುತ್ತಾರೆ, ನೀವು ಸುಮ್ಮನೆ ಕೈ ತೊಳೆಯುತ್ತೀರಿ. ಬದುಕಿದ್ದರೆ ಅವಳೊಡನೆ ಜಗಳವಾಡುತ್ತಿದ್ದೆ, ಬೇಕಾದರೆ ಜಡೆಗೆ ಕೈ ಹಾಕುತ್ತಿದ್ದೆ. ಸತ್ತವಳೊಡನೆ ಹೇಗೆ ಜಗಳವಾಡುವುದು? ಅವಳು ಇನ್ನು ಹಾಲು ಉಕ್ಕಿಸುವುದಿಲ್ಲ, ಮುಖ ಊದಿಸಿಕೊಂಡು ಕೂರುವುದಿಲ್ಲ, ಹೆರಿಗೆಯಾಗಿ ನನ್ನ ಹಾಗೆ ದಪ್ಪಗೂ ಆಗುವುದಿಲ್ಲ. ಫೋಟೋದಲ್ಲಿ ಹೂವಿನ ಹಾರದ ಹಿಂದೆ ಅದೇ ನಗು ನಗುತ್ತ ಕೂತಿರುತ್ತಾಳೆ. ಪಾತ್ರೆ ಹೋಗಲಿ ಅಂದುಕೊಂಡಿದ್ದೆ. ಹೊಟ್ಟೆಯಲ್ಲಿ ಹೊತ್ತು ಹೆತ್ತ ಕೂಸಿನ ಮೇಲೂ ಅವಳ ಹೆಸರೇ?

ಸುಮ್ಮನೆ ಬೇಡ ಎಂದರೆ ಯಾರೂ ಕೇಳುವುದಿಲ್ಲ, ಬದಲಿಗೆ ಒಂದು ಹೆಸರು ಕೈಯಲ್ಲಿ ಹಿಡಿದುಕೊಂಡೇ ಬೇಡ ಅನ್ನಬೇಕು ಎಂದು ಲೆಕ್ಕ ಹಾಕಿದೆ. ಅದಕ್ಕೆ ಬಂದವರನ್ನೆಲ್ಲ ಅವರವರ ಹೆಸರಿನ ಅರ್ಥವೇನು, ಯಾರು ಇಟ್ಟರು ಎಂದು ಕೇಳತೊಡಗಿದೆ. ಬಾಣಂತಿಗೆ ತಲೆ ತಿರುಗಿದೆ ಎಂದು ಕೆಲವರು ನಮ್ಮವ್ವನ ಕಿವಿಯಲ್ಲಿ ಹೇಳಿ ಹೋದರು. ಖಾನಾಪುರದ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದ ಲೂಸಿ ಸಿಸ್ಟರ್ ಹೊಲಿಗೆ ನೋಡಲು ಮನೆಗೇ ಬಂದಿದ್ದರು. ಗೋವೆಯ ಕಡೆಯವರು. ಲೂಸಿ ಎಂದರೆ ಬೆಳಕಂತೆ, ರೋಮಿನವರ ಹಳೆಯ ಭಾಷೆಯ ಮಾತಂತೆ. ಅವರ ಮನೆಯಲ್ಲಿ ಅಜ್ಜಿಗೂ ಅದೇ ಹೆಸರು, ಮೊಮ್ಮಗಳಾದ ಇವರಿಗೂ ಅದೇ ಹೆಸರು. "ಒಂದೇ ಹೆಸರಿಗೆ ಜಗಳ ಆಗೂದಿಲ್ಲೇನ್ರಿ?" ಎಂದು ಕೇಳಿದೆ. "ಕರದ್ರ ಇಬ್ಬರೂ ಓ ಅಂತೇವಿ" ಎಂದು ನಕ್ಕರು. ಅವರಿಗೆ ನಗು, ನನಗೆ ಉರಿ. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯಲ್ಲಿದ್ದ ಮರಾಠಿ ಹೆಂಗಸಿನ ಅತ್ತೆಯೂ ನೆನಪಾದಳು, ಅವಳ ಹೆಸರು ನಕೋಶಿ. ಬೇಡವಾದವಳು ಎಂದು ಅರ್ಥ. ನಾಲ್ಕನೆಯದೂ ಹೆಣ್ಣಾಯಿತೆಂದು ಸಿಟ್ಟಿಗೆ ಇಟ್ಟ ಹೆಸರು. ಆ ಮುದುಕಿ ಮೊಮ್ಮಗಳನ್ನು ಎತ್ತಿಕೊಂಡು, ಇದಕ್ಕೆ ಹವಿಶಾ ಎಂದು ಇಡುತ್ತೇನೆ, ಹವೀ ಎಂದರೆ ಬೇಕು, ನನಗೆ ಇದು ಬೇಕು, ಎಂದು ವಾರ್ಡಿಗೆಲ್ಲ ಕೇಳುವಂತೆ ಹೇಳಿದಳು. ಅವಳ ಸೊಸೆಯ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಎಂಥ ಅತ್ತೆ ಸಿಕ್ಕಿದ್ದಾಳೆ ನೋಡಿ.

ಅದೇ ಹೊತ್ತಿಗೆ ನನ್ನ ಹೆಸರಿನ ಕತೆಯನ್ನೂ ನಮ್ಮವ್ವನಿಂದ ಬಿಡಿಸಿ ಕೇಳಿದೆ. ಅಣ್ಣನ ನಂತರ, ನನಗಿಂತ ಮೊದಲು, ಎರಡು ಕೂಸು ತೊಟ್ಟಿಲಲ್ಲೇ ಹೋದವಂತೆ. ನಾನು ಹುಟ್ಟಿದಾಗ ನಮ್ಮಪ್ಪ ಬೀರದೇವರ ಗುಡಿಯ ಮುಂದೆ ನನ್ನನ್ನು ಮಲಗಿಸಿ, ಇದೊಂದು ಬಾಳಲಿ ಎಂದು ಕೇಳಿಕೊಂಡು, ಆ ಮಾತನ್ನೇ ಹೆಸರು ಮಾಡಿ ಮನೆಗೆ ತಂದನಂತೆ. ಹೋದ ಎರಡಕ್ಕೂ ಏನು ಹೆಸರಿಟ್ಟಿದ್ದಿರಿ ಎಂದು ಕೇಳಿದೆ. ನಮ್ಮವ್ವ ಎದ್ದು ಒಲೆಯ ಕಡೆ ಹೋದಳು. ಸತ್ತವರ ಹೆಸರು ಮನೆಯಲ್ಲಿ ಉಳಿಯಬೇಕು ಎಂದು ಅತ್ತೆಗೆ ತಲೆಯಾಡಿಸಿದವಳು ಇವಳೇ.

ಕೊನೆಗೆ ಹೆಸರು ಸಿಕ್ಕಿದ್ದು ಬೆಳಗಾವಿಯ ನಮ್ಮ ಬಾಜು ಮನೆಯ ತಸ್ಲೀಮಾಳಿಂದ. ಗಿಡಗಳಿಗೆ ನೀರು ಹಾಕುತ್ತಿದ್ದೀಯಾ ಎಂದು ಕೇಳಲು ಫೋನ್ ಮಾಡಿದ್ದೆ, ಮಾತು ಹೆಸರಿನ ಕಡೆಗೆ ಹೊರಳಿತು. ಅವಳ ತಾಯಿಯ ಹೆಸರು ಜೋಹರಾ. ಅರಬರು ಒಂದು ಚುಕ್ಕಿಯನ್ನು ಆ ಹೆಸರಿನಿಂದ ಕರೆಯುತ್ತಾರಂತೆ. ಯಾವ ಚುಕ್ಕಿ ಎಂದೆ. "ಅದಾ ರೀ, ನಸುಕಿನ್ಯಾಗ ದೊಡ್ಡದಾಗಿ ಒಂದ ಕಾಣತೈತೆಲ್ಲಾ, ಅದು" ಎಂದಳು. ನಮ್ಮ ಬೆಳ್ಳಿಚುಕ್ಕಿ! ನಮ್ಮಪ್ಪ ಕುರಿಹಟ್ಟಿಯಲ್ಲಿ ಅದನ್ನು ನೋಡಿಯೇ ಏಳುತ್ತಿದ್ದ. ಗಡಿಯಾರ ನೋಡಲು ಅವನಿಗೆ ಬರುತ್ತಿರಲಿಲ್ಲ, ಚುಕ್ಕಿ ಮೂಡಿತು ಏಳ್ರೋ ಎಂದು ಎಲ್ಲರ ಕಂಬಳಿ ಎಳೆಯುತ್ತಿದ್ದ. ನನ್ನ ಮಗಳು ಚುಕ್ಕಿ ಎಂದು ಆಗಲೇ ನಿರ್ಧಾರ ಮಾಡಿದೆ. ನಿಮ್ಮ ಮನೆಯಲ್ಲಿ ಹಿಂದೆ ಯಾರೂ ಇಟ್ಟುಕೊಂಡಿರದ ಹೆಸರು, ಯಾವ ತಾಟಿನ ಮೇಲೂ ಇಲ್ಲದ್ದು.

ನಿರ್ಧಾರವೇನೋ ಮಾಡಿದೆ, ಬಾಯಿ ಬಿಡಲು ಧೈರ್ಯ ಬರಲಿಲ್ಲ. ಶುಕ್ರವಾರ ಮುಂಜಾನೆ ತೊಟ್ಟಿಲಿಗೆ ಹೂವು ಕಟ್ಟುವ ಹೊತ್ತಿಗೆ ಖಾನಾಪುರದ ಬಸ್ಸಿನಿಂದ ಪದ್ಮವ್ವ ಇಳಿದು ಬಂದರು. ಮಾಲಾಳ ತಾಯಿಯನ್ನು ಅತ್ತೆ ಕರೆಸಿಯೇಬಿಟ್ಟಿದ್ದರು. ಇನ್ನು ಮುಗಿಯಿತು, ಹೆತ್ತ ತಾಯಿಯ ಎದುರಿಗೆ ಆ ಹೆಸರು ಬೇಡ ಎಂದರೆ ನಾನು ಮನುಷ್ಯಳೇ ಅಲ್ಲ ಅನ್ನುತ್ತಾರೆ. ಮುದುಕಿ ಕೂಸಿಗೊಂದು ಟೋಪಿ, ನನಗೊಂದು ಕುಪ್ಪಸದ ಬಟ್ಟೆ ತಂದಿದ್ದರು. ನನ್ನ ತಲೆ ಸವರಿದರು. ನಾನು ಅವರ ಮುಖ ನೋಡಲಿಲ್ಲ.

ತೊಟ್ಟಿಲ ಸುತ್ತ ಹೆಂಗಸರೆಲ್ಲ ಕೂಡಿದರು. ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಪ್ರಮಿಳಾ ಬಗ್ಗಿ ನಿಂತಳು, ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಲು ಉಳಿದವರು ಕೈ ಎತ್ತಿ ನಿಂತರು. ಅಷ್ಟರಲ್ಲಿ ಅತ್ತೆ ಕೂಸನ್ನು ಎತ್ತಿ ಪದ್ಮವ್ವನ ತೊಡೆಯ ಮೇಲೆ ಹಾಕಿ, "ನಿಮ್ಮ ಮಾಲಾ ತಿರಗಿ ಬಂದಾಳ ನೋಡ್ರಿ. ಮೊದಲ ನೀವ ಹೆಸರು ಹಿಡದು ಕರೀರಿ" ಅಂದರು. ಪದ್ಮವ್ವ ಕೂಸಿನ ಮುಖವನ್ನೇ ನೋಡಿ ಅಂದರು: "ಬ್ಯಾಡ್ರಿ ಬೀಗರ. ಈ ಹೆಸರು ಇಡಬ್ಯಾಡ್ರಿ." ನಿಮ್ಮ ಮಗಳ ನೆನಪಿಗೇ ಇಡುತ್ತಿದ್ದೇವಲ್ಲ ಎಂದು ಅತ್ತೆ ಗಾಬರಿಯಾದರು. ಅದಕ್ಕೆ ಪದ್ಮವ್ವ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ನೆನಪು ನನಗ ಐತ್ರಿ. ನಾಳೆ ಮಾಲಾ ಬಾ ಅಂದ್ರ ಈ ಕೂಸು ಓಡಿ ಬರತೈತಿ. ನಾ ಇಷ್ಟು ವರ್ಷ ಕರಿಯಾಕತ್ತೇನಿ, ನನ್ನಕಿ ಬರವಲ್ಲಳು. ಮಂದಿ ಕೂಸು ಓ ಅನ್ನೂದನ್ನ ನಾ ಹೆಂಗ ಕೇಳ್ಲಿ? ನನಗ ಹೊಟ್ಟಿಕಿಚ್ಚ ಆಗತೈತಿ. ಏನರೆ ಅನ್ಕೋರಿ, ಆಗತೈತಿ. ನಾ ಇಟ್ಟ ಹೆಸರು, ನನ್ನ ಮಗಳದು. ಯಾರಿಗೂ ಕೊಡಂಗಿಲ್ಲ."

ಮೊದಲು ನನಗೆ ಆದದ್ದು ಸಂತೋಷ, ಸುಳ್ಳು ಏಕೆ ಹೇಳಲಿ. ಆಮೇಲೆ ಅಳು ಬಂತು. ಆಮೇಲೆ, ನಗಬೇಡಿ, ಮತ್ತೆ ಹೊಟ್ಟೆಕಿಚ್ಚು. ಸತ್ತ ಮೇಲೂ ಅವಳ ಹೆಸರನ್ನು ಇಷ್ಟು ಬಿಗಿಯಾಗಿ ಹಿಡಿದು ಕಾಯುವವರಿದ್ದಾರೆ. ಎಲ್ಲರೂ ನೆಲ ನೋಡುತ್ತಿದ್ದಾಗಲೇ, ಈಗ ಬಿಟ್ಟರೆ ಇಲ್ಲ ಎಂದು "ಚುಕ್ಕಿ ಅಂತ ಇಡ್ರಿ" ಅಂದುಬಿಟ್ಟೆ. ಅತ್ತೆ ನನ್ನ ಕಡೆ ತಿರುಗಿ, "ಚುಕ್ಕಿ? ನಮ್ಮ ತವರಮನ್ಯಾಗ ಆ ಹೆಸರಿಂದು ಒಂದು ಆಡಿತ್ತು" ಅಂದರು. ನನಗೂ ಎಲ್ಲಿಂದ ಬಂತೋ, "ಇರಲಿ ಬಿಡ್ರಿ ಅತ್ತಿ. ಆ ಆಡು ಬಂದು ತನ್ನ ಹೆಸರು ಕೊಡಂಗಿಲ್ಲ ಅಂದ್ರ ಬ್ಯಾರೆ ಇಡೂಣು" ಅಂದೆ. ಮೊದಲು ನಕ್ಕವರು ಪದ್ಮವ್ವ. ಕಣ್ಣಲ್ಲಿ ನೀರಿತ್ತು, ಆದರೂ ನಕ್ಕರು. ಅವರೇ ಕೂಸನ್ನು ಪ್ರಮಿಳಾಳ ಕೈಗೆ ಕೊಟ್ಟರು. ಪ್ರಮಿಳಾ ಕಿವಿಯಲ್ಲಿ ಕುರ್ರ್ ಎಂದಳು, ಹೆಂಗಸರು ಅವಳ ಬೆನ್ನಿಗೆ ಸರಿಯಾಗಿಯೇ ಗುದ್ದಿದರು. ನನ್ನದೂ ಎರಡು ಗುದ್ದು ಸೇರಿಸೋಣ ಅನ್ನಿಸಿತ್ತು, ಹೊಲಿಗೆ ಇರುವುದರಿಂದ ಮೇಲೇಳಲಿಲ್ಲ. ಊಟವಾದ ಮೇಲೆ ಪದ್ಮವ್ವ ಬಸ್ಸಿಗೆ ಹೊರಟರು. ಮತ್ತೆ ಬರ್ರಿ ಎಂದೆ. ಬಾಯಿಮಾತಿಗಲ್ಲ, ನಿಜವಾಗಿಯೇ ಅಂದೆ.

ಅತ್ತೆ ಇನ್ನೂ ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ. ಕೂಸನ್ನು ಮಾತ್ರ ಚುಕ್ಕವ್ವಾ, ಚುಕ್ಕಪ್ಪಾ ಎಂದು ಎತ್ತಿಕೊಂಡು ತಿರುಗುತ್ತಾರೆ. ಅವರಿಗೆ ಫೋನಿನಲ್ಲಿ ಒಂದು ಒಳ್ಳೆಯ ಮಾತು ಹೇಳಿ. ನೀವು ಹೊತ್ತಿಗೆ ಸರಿಯಾಗಿ ಉಣ್ಣಿ, ಎದೆಗೆ ಗಾಳಿ ಬಡಿಯದಂತೆ ಸ್ವೆಟರ್ ಹಾಕಿಕೊಳ್ಳಿ. ನಮ್ಮಪ್ಪ, ನಮ್ಮವ್ವ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಚುಕ್ಕಿ ಎದ್ದು ಕಿರುಚುತ್ತಿದ್ದಾಳೆ, ಅದು ಅಪ್ಪನಿಗೆ ಅವಳ ನಮಸ್ಕಾರ ಎಂದು ತಿಳಿಯಿರಿ.

ನಿಮ್ಮ,
ಬಾಳವ್ವ

ತಾ. ಕ.: ಅಂಚೆಗೆ ಹಾಕಲು ಅಣ್ಣ ಬಾಗಿಲಲ್ಲಿ ಗಾಡಿ ಚಾಲೂ ಮಾಡಿ ನಿಂತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಹೆಂಗಸರೆಲ್ಲ ಸೇರಿ ಪ್ರಾಸ ಕಟ್ಟಿ ಒಡಪು ಹಾಕಿ ಗಂಡನ ಹೆಸರು ಹೇಳು ಎಂದು ಕಾಡಿದರು. ನನಗೆ ಒಡಪು ಹೊಳೆಯಲಿಲ್ಲ. ಸೋಮಲಿಂಗ ಎಂದು ಸುಮ್ಮನೆ ಹೇಳಿಬಿಟ್ಟೆ. ಎಲ್ಲರೂ ನಕ್ಕರು. ಆಗ ಪ್ರಮಿಳಾ ಹೇಳಿದಳು, ಆಗೆಲ್ಲ ನೀವು ಬೆಳಗಾವಿಯ ಫೌಂಡ್ರಿಯಿಂದ ಬಂದವರು ಗೇಟಿನಲ್ಲೇ ಗಾಡಿ ನಿಲ್ಲಿಸಿ ಓಣಿಗೆಲ್ಲ ಕೇಳುವಂತೆ ಮಾಲಾ ಎಂದು ಕೂಗುತ್ತಿದ್ದಿರಂತೆ. ನನ್ನನ್ನು "ಏ" ಅಂದಿದ್ದೀರಿ, "ಕೇಳ ಇಲ್ಲೆ" ಅಂದಿದ್ದೀರಿ, "ಬಾಗಲಾ ತಗಿ" ಅಂದಿದ್ದೀರಿ. ಮದುವೆಯಾದಂದಿನಿಂದ ಹೆಸರು ಹಿಡಿದು ಒಮ್ಮೆಯೂ ಕರೆದಿಲ್ಲ. ಮಗಳಿಗೆ ಆ ಹೆಸರಿಡಲು ಹೇಳಿದ್ದು ನಿಮ್ಮ ಅವ್ವನೋ ನೀವೋ, ನಾನು ಕೇಳುವುದಿಲ್ಲ. ಆದರೆ ಸಂಕ್ರಮಣಕ್ಕೆ ಬಂದಾಗ ಬಾಗಿಲು ಬಡಿಯಬೇಡಿ. ಹೊರಗೆ ನಿಂತು ನನ್ನ ಹೆಸರು ಕೂಗಿ. ಕೂಗುವವರೆಗೆ ನಾನು ತೆಗೆಯುವುದಿಲ್ಲ.