ಆರಾಧನಾ ಬರೆದ ಲೆಕ್ಕ

ಚಾಮರಾಜಪೇಟೆ, ಬೆಂಗಳೂರು
ಶುಕ್ರವಾರ, ೨೭-೨-೧೯೯೮

ಪ್ರೀತಿಯ ಸುಪ್ರಜಾ,

ಹೇಗಿದ್ದೀಯ? ಹುಬ್ಬಳ್ಳಿಯಲ್ಲಿ ಆಗಲೇ ಬಿಸಿಲು ಶುರುವಾಗಿರಬೇಕು. ಸೊಂಟದ ನೋವಿನ ಮಾತ್ರೆ ಬಿಡಬೇಡ. ಬ್ಯಾಂಕಿನಲ್ಲಿ ಬಿಡುವಾದಾಗ ಎದ್ದು ನಾಲ್ಕು ಹೆಜ್ಜೆ ಓಡಾಡು. ನಾವಿಬ್ಬರೂ ಚೆನ್ನಾಗಿದ್ದೇವೆ. ಇವತ್ತು ಇದನ್ನು ಧೈರ್ಯವಾಗಿ ಬರೆಯಬಲ್ಲೆ. ಭಾನುವಾರ ಫೋನಿನಲ್ಲಿ ನನ್ನ ದನಿ ಸರಿಯಿಲ್ಲ ಅಂದೆಯಲ್ಲ, ಎಸ್‌ಟಿಡಿ ಬೂತಿನಲ್ಲಿ ಹಿಂದೆ ಮೂರು ಜನ ಕಾಯುತ್ತಿದ್ದರು; ಅಲ್ಲಿ ನಿಂತು ಹೇಳುವಂಥ ವಿಷಯವೂ ಅದಾಗಿರಲಿಲ್ಲ.

ನಮ್ಮಪ್ಪ ಅರ್ಧಕ್ಕೆ ಬಿಟ್ಟುಹೋದ ಲೆಕ್ಕವನ್ನು ನೀನು ಮದುವೆಯಾಗಿ ಬಂದಾಗಿನಿಂದ ನೋಡಿದ್ದೀಯ. ಹೈಸ್ಕೂಲ್ ಮೇಷ್ಟರು ಅವರು. ಕೊನೆಯ ವರ್ಷ ಕಣ್ಣು ಪೂರ್ತಿ ಹೋದಮೇಲೂ ಬೆರಳಿಂದ ಸಾಲು ಅಳೆದುಕೊಂಡು ಬರೆಯುತ್ತಲೇ ಇದ್ದರು, ಬರೆಯುತ್ತಲೇ ತೀರಿಕೊಂಡರು. ಅವರು ನಿಂತಲ್ಲಿಂದ ನಾನು ಹಿಡಿದೆ. ಹತ್ತೊಂಬತ್ತು ವರ್ಷ. ಎರಡು ಸಲ ಗಣಿತದ ಪತ್ರಿಕೆಯವರು ತಪ್ಪು ತೋರಿಸಿ ವಾಪಸು ಕಳಿಸಿದರು. ನಿನ್ನ ತಂಗಿಯ ಮದುವೆಗೆ ನಾನು ಬರಲಿಲ್ಲ. ಆರಾಧನಾ ಹುಟ್ಟಿದ ದಿನ ಆಸ್ಪತ್ರೆಯ ವರಾಂಡದಲ್ಲೂ ಆ ನೋಟ್‌ಪುಸ್ತಕ ನನ್ನ ತೊಡೆಯ ಮೇಲಿತ್ತು. ನೀನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈ ತಿಂಗಳ ಹತ್ತನೇ ತಾರೀಖು ಕಾಲೇಜಿನಿಂದ ಬಂದಾಗ ಆರಾಧನಾ ಅಪ್ಪನ ಮೇಜಿನ ಮುಂದೆ ಕೂತಿದ್ದಳು. ಹೋಂವರ್ಕ್ ಎಂದುಕೊಂಡು ಹತ್ತಿರ ಹೋದೆ. ಅಪ್ಪನ ಹಳೇ ಪುಸ್ತಕದಲ್ಲಿ ಉಳಿದಿದ್ದ ಖಾಲಿ ಹಾಳೆಯ ಮೇಲೆ ಎಡಗೈಯಲ್ಲಿ ಬರೆಯುತ್ತಿದ್ದಳು. ನಮ್ಮ ಮಗು ಬಲಗೈಯವಳು, ಎಡಚರು ಅಪ್ಪ. ಎಲ್ಲ ಕನ್ನಡ ಅಂಕಿಗಳು, ಒಂಬತ್ತಕ್ಕೆ ಅಪ್ಪ ಎಳೆಯುತ್ತಿದ್ದಂಥ ಉದ್ದನೆಯ ಬಾಲ. ಕರೆದರೆ ತಿರುಗಲಿಲ್ಲ. ಅರ್ಧ ಗಂಟೆಯಾದಮೇಲೆ ಎದ್ದು, ಏನೂ ನಡೆದೇ ಇಲ್ಲವೆಂಬಂತೆ “ಅಪ್ಪಾ, ಹಸಿವು” ಅಂದಳು. ಅಂದಿನಿಂದ ದಿನಾ ಸಂಜೆ ನಾಲ್ಕಕ್ಕೆ ಇದೇ. ಅವಳು ಏನು ಬರೆಯುತ್ತಿದ್ದಾಳೋ, ನಾನೇನು ಮಾಡಬೇಕೋ ತೋಚಲಿಲ್ಲ. ಐದನೆಯ ದಿನ ಮೇಜಿನ ತುಂಬ ಬಿಸಿಲು ಬಿದ್ದಿತ್ತು. ತಲೆಯೆತ್ತದೆ, “ಕತ್ಲೆ ಆಗೋಯ್ತು ಕಣೋ ವಾದೀ, ಕಿಟಕಿ ತೆಗಿ” ಅಂದಳು. ನನ್ನನ್ನು ವಾದೀ ಎಂದು ಕರೆಯುತ್ತಿದ್ದವರು ಅಪ್ಪ ಒಬ್ಬರೇ. ಕಿಟಕಿ ತೆರೆದೇ ಇತ್ತು.

ಮಗುವಿಗೆ ಬೋರ್ಡು ಕಾಣಿಸುತ್ತಿಲ್ಲ ಎಂದು ಸ್ಕೂಲಿನಿಂದ ಚೀಟಿ ಬಂತು. ಕಣ್ಣಿನ ಡಾಕ್ಟರು ಎರಡು ಸಲ ನೋಡಿ, ಕಣ್ಣಲ್ಲಿ ಏನೂ ದೋಷವಿಲ್ಲ, ಕನ್ನಡಕವೂ ಬೇಡ ಎಂದರು. ಪಕ್ಕದ ಮನೆಯ ಶಕುಂತಲಮ್ಮನವರು ಸಾರು ಕೊಡಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. “ಮಗು ತಟ್ಟೇಲಿರೋ ಅನ್ನಾನ ತಡಕ್ತಿದೆಯಲ್ರೀ ಮೇಷ್ಟ್ರೇ, ನಿಮಗೆ ಕಾಣ್ಸಲ್ವಾ?” ಅಂದರು.

ಒಂಬತ್ತನೆಯ ದಿನ ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. ದೃಷ್ಟಿ ನನ್ನ ಮುಖದ ಮೇಲಿರಲಿಲ್ಲ, ಒಂದು ಗೇಣು ಪಕ್ಕಕ್ಕಿತ್ತು. “ಇನ್ನು ಮೂರೇ ಸಾಲು ವಾದೀ. ಮುಗಿಸ್ಬಿಡ್ಲಾ?” ಸುಪ್ರಜಾ, ನಾನು ತಕ್ಷಣ ಬೇಡ ಅನ್ನಲಿಲ್ಲ. ಆಮೇಲೆ ಪೆನ್ಸಿಲಿಗೆ ಕೈ ಹಾಕಿದೆ. ಆ ಪುಟ್ಟ ಬೆರಳುಗಳಲ್ಲಿ ಮುದುಕರ ಬಿಗಿತವಿತ್ತು. “ಬೇಡ ಅಪ್ಪಾ. ನಿಮ್ಮ ಕೈಲಿ ಆಗ್ಲಿಲ್ಲ, ನನ್ನ ಕೈಲೂ ಆಗ್ಲಿಲ್ಲ. ಸೋತ್ವಿ. ಇವಳನ್ನ ಬಿಟ್ಬಿಡಿ” ಅಂದೆ. ತುಂಬ ಹೊತ್ತು ಹಿಡಿದುಕೊಂಡೇ ಇದ್ದೆ. ಕೊನೆಗೆ ಬೆರಳು ಸಡಿಲವಾಯಿತು, ಮಗು ಅಳತೊಡಗಿತು.

ಆಗಲೇ ಆ ಲೆಕ್ಕದ ಮೂವತ್ತೊಂದು ನೋಟ್‌ಪುಸ್ತಕಗಳನ್ನೂ ಬಚ್ಚಲ ಒಲೆಗೆ ಹಾಕಿದೆ, ನನ್ನವೂ ಸೇರಿ. ಅವು ಉರಿಯುವಾಗ ಒಳಗೆ ಕುರ್ಚಿ ಸರಿದ ಸದ್ದಾಯಿತು. ಆರಾಧನಾ ನನ್ನ ಪಕ್ಕದಲ್ಲೇ ಇದ್ದಳು. ನಾನು ಎದ್ದು ಹೋಗಿ ನೋಡಲಿಲ್ಲ. ಆ ಉರಿಯಲ್ಲಿ ಕಾದ ನೀರನ್ನು ಶಕುಂತಲಮ್ಮನವರು ಮಗುವಿಗೆ ಎರೆದರು. ಅದಾದ ನಾಲ್ಕನೆಯ ದಿನ ಆರಾಧನಾ ಮಕ್ಕಳ ಕೂಟದ ಬಸ್‌ಸ್ಟಾಪಿನಲ್ಲಿ ನಿಂತು ಬರುವ ಬಸ್ಸುಗಳ ಬೋರ್ಡನ್ನೆಲ್ಲ ಜೋರಾಗಿ ಓದಿದಳು. ನಾನು ಫುಟ್‌ಪಾತಿನ ಮೇಲೆ ಕೂತುಬಿಟ್ಟೆ. ಹತ್ತೊಂಬತ್ತು ವರ್ಷದಲ್ಲಿ ಅಷ್ಟು ಸಂತೋಷ ಆಗಿರಲಿಲ್ಲ.

ನಿನ್ನ ಮನೆ ಒಡತಿಗೆ ನನ್ನ ನಮಸ್ಕಾರ ಹೇಳು. ಮಗಳು ನಿನಗೆ ಎರಡು ಮುತ್ತು ಕಳಿಸಿದ್ದಾಳೆ, ಒಂದು ನಿನಗೆ, ಒಂದು ನಿನ್ನ ಸೊಂಟಕ್ಕಂತೆ.

ಇಂತು ನಿನ್ನ,
ವಾದಿರಾಜ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಏನೂ ತೋಚಲಿಲ್ಲ ಎಂದದ್ದು ಸುಳ್ಳು. ಅವಳು ಬರೆಯುತ್ತಿದ್ದುದೇನೆಂದು ಮೊದಲ ದಿನವೇ ಗೊತ್ತಾಗಿತ್ತು. ಒಂಬತ್ತು ದಿನವೂ ಪೆನ್ಸಿಲ್ ಚೂಪು ಮಾಡಿಕೊಟ್ಟವನು ನಾನು. ಕಣ್ಣು ಉರಿಯುತ್ತೆ ಅಂದಾಗ ಇನ್ನೊಂದು ಪುಟ ಪುಟ್ಟಾ ಅಂದವನೂ ನಾನೇ. ಉಳಿದ ಆ ಮೂರು ಸಾಲು ಏನಿರಬೇಕೆಂದು ನಿನ್ನೆಯಿಂದ ನನಗೇ ಹೊಳೆಯತೊಡಗಿದೆ. ಈ ಪತ್ರ ಕೈಸೇರಿದ ದಿನವೇ ರಜೆ ಹಾಕಿ ಬಾ, ಮಗುವನ್ನು ಕರೆದುಕೊಂಡು ಹೋಗು. ಇನ್ನೆರಡು ದಿನ ಇಲ್ಲೇ ಇರಲಿ ಎಂದು ನಾನು ಎಷ್ಟೇ ಕೇಳಿಕೊಂಡರೂ ಬಿಡಬೇಡ.