ತಡೆಯುವವಳು ಬಂದಳು, ಸುಧಾಕ್ಕ

ಸುಧಾಕ್ಕ,

ನಿಮ್ಮ ಜಯ ಬರೆಯುತ್ತಿದ್ದೇನೆ. ಕಪ್ ಬರಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನೀವು ಯಾವತ್ತೂ ಪೇಪರನ್ನು ಆಟದ ಪುಟದಿಂದಲೇ ಬಿಡಿಸುತ್ತಿದ್ದವರು. ಉಳಿದದ್ದನ್ನು ನಿಧಾನಕ್ಕೆ ಹೇಳುತ್ತೇನೆ. ನನಗೀಗ ಯಾವುದಕ್ಕೂ ಅವಸರವಿಲ್ಲ. ಅಂಗಡಿಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತರೆ ಕಾಲು ಪೆಡಲಿನ ಮೇಲೆ ಹಾಗೇ ನಿಂತುಬಿಡುತ್ತದೆ. ಗಿರಾಕಿಗಳು ಕರೆದರೂ ಎಷ್ಟೋ ಸಲ ಕೇಳಿಸುವುದಿಲ್ಲ.

ಆ ವರ್ಷ ಫೈನಲ್ ಸೋತು ಬಸ್ಸಿನಲ್ಲಿ ಬರುವಾಗ ನೀವು ಆಡಿದ ಮಾತು ನೆನಪಿದೆಯೇ? ಕಾಲೇಜಿನಲ್ಲಿ ಆಟ ಕಲಿಸುವ ಕೆಲಸದಿಂದ ನಿವೃತ್ತಿಯಾದ ಮೇಲೆ ನೀವು ಊರಿನ ಹೆಂಗಸರನ್ನು ಸೇರಿಸಿ ಬಾಸ್ಕೆಟ್‌ಬಾಲ್ ತಂಡ ಕಟ್ಟಿದ್ದಿರಿ. ರಿಂಗಿಗೆ ಚೆಂಡು ಹಾಕುವುದರಲ್ಲಿ ನಾವು ಎದುರಿನವರಿಗೆ ಕಡಿಮೆಯೇನಿರಲಿಲ್ಲ. ಆದರೆ ನಮ್ಮ ರಿಂಗಿನ ಕೆಳಗೆ ಯಾರು ಬೇಕಾದರೂ ಬಂದು ಹೋಗಬಹುದಿತ್ತು, ತೆರೆದ ಅಂಗಳದ ಹಾಗೆ. ನೀವು ಕಿಟಕಿಯ ಕಡೆ ಮುಖ ಮಾಡಿ ಹೇಳಿದ್ದಿರಿ: "ಹಾಕ್ದೋರಿಗೆ ಚಪ್ಪಾಳೆ, ತಡ್ದೋರಿಗೆ ಬೆವ್ರ್ ಮಾತ್ರ. ಅದ್ಕೇ ಯಾರೂ ತಡುಕ್ ಕಲಿತಿಲ್ಲೆ. ಒಬ್ಳ್ ಸಿಕ್ಕಲಿ ಜಯ, ತಡುಕ್ ಬಪ್ಪೋಳ್ ಒಬ್ಳ್. ಕಪ್ ತನ್ನಿಂತಾನೇ ಬತ್ತ್."

ನೀವು ತೀರಿಕೊಂಡ ಮೇಲೆ ತಂಡವನ್ನು ಆಡಿಸುವ ಹೊಣೆ ನನ್ನ ಮೇಲೆ ಬಿತ್ತು. ಆದರೆ ನಿಮ್ಮ ಆ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದುಕೊಂಡವರು ಶ್ರೀಧರಣ್ಣ. ತಂಡದ ಖರ್ಚು ನೋಡಿಕೊಳ್ಳುವವರು, ಹೋಟೆಲಿನವರು, ನಿಮಗೆ ಗೊತ್ತಿರುವವರೇ ಅಲ್ಲವೇ. ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಕಾರು ನಿಲ್ಲಿಸಿ, "ಹ್ವಾಯ್ ಜಯಕ್ಕ, ಹತ್ತಿ. ಕೊಲ್ಲೂರಿಗ್ ಹೋಪ. ಸುಧಕ್ಕ ಹೇಳ್ದ ಹೆಣ್ಣ್ ಸಿಕ್ಕಿತ್" ಎಂದರು. ದೇವಸ್ಥಾನಕ್ಕೆ ಹೋಗುವ ದಾರಿಯ ಒಂದು ಲಾಡ್ಜಿನಲ್ಲಿ ಅವಳು ಯಾತ್ರಿಕರಿಗೆ ರೂಮಿನ ಕೀ ಕೊಡುತ್ತ ನಿಂತಿದ್ದಳು. ನಿಖಿತಾ. ಅವಳಪ್ಪ ಮುಂಬಯಿಯಲ್ಲಿ ಹೋಟೆಲು ಮುಚ್ಚಿ ಬಂದು ಈ ಲಾಡ್ಜ್ ಹಿಡಿದಿದ್ದರು. ಅವಳು ಅಲ್ಲಿ ದೊಡ್ಡ ತಂಡಗಳಲ್ಲಿ ವರ್ಷಗಟ್ಟಲೆ ಆಡಿದವಳು, ತಡೆಯುವುದಕ್ಕೇ ಹೆಸರಾದವಳು. ಎದ್ದು ನಿಂತರೆ ತಲೆ ಬಾಗಿಲಿನ ದಾರಂದಕ್ಕೆ ತಾಗುತ್ತದೋ ಏನೋ ಅನ್ನುವಷ್ಟು ಎತ್ತರ.

"ನಾ ಆಡುದ್ ಬಿಟ್ಟಾಯ್ತ್ ಅಣ್ಣ. ಮಂಡಿ ಒಳ್ಳೆದಿಲ್ಲೆ" ಅಂದಳು. ಶ್ರೀಧರಣ್ಣ ಬಿಡುವವರೇ? ನಿಮ್ಮ ಹೆಸರು ಹೇಳಿದರು, ಊರಿನ ಮರ್ಯಾದೆ ಅಂದರು, ಅವಳಪ್ಪನ ಕೈ ಹಿಡಿದುಕೊಂಡರು. ಕೊನೆಗೆ ಅವಳು ನನ್ನನ್ನು ನೋಡಿ ಒಂದೇ ಪ್ರಶ್ನೆ ಕೇಳಿದಳು. "ನಾ ತಡಿತೆ ಜಯಕ್ಕ. ನಿಮ್ಮಲ್ಲ್ ಬಾಲ್ ಹಾಕುದ್ ಯಾರ್?" ಶ್ರೀಧರಣ್ಣ ಜೋರಾಗಿ ನಕ್ಕು, ಅದೆಲ್ಲ ಆಗುತ್ತದೆ ಅಂದರು. ನಾನು ನಗಲಿಲ್ಲ. ಆ ಪ್ರಶ್ನೆ ನಿಮಗೆ ಯಾಕೆ ಹೊಳೆದಿರಲಿಲ್ಲ ಅಂತ ಹಿಂದಿರುಗುವಾಗ ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ.

ಮೊದಲ ದಿನದ ಪ್ರಾಕ್ಟೀಸನ್ನು ನೀವು ನೋಡಬೇಕಿತ್ತು. ನಮ್ಮ ಸವಿತಾ, ಗಂಗೊಳ್ಳಿಯಿಂದ ಮೀನಿನ ವ್ಯಾಪಾರ ಮುಗಿಸಿ ಬರುವವಳು, ಅವಳನ್ನು ತಡೆದವರನ್ನು ನಾವು ಕಂಡೇ ಇಲ್ಲವಲ್ಲ. ಅವಳು ಹಾರಿದಷ್ಟೂ ಸಲ ನಿಖಿತಾಳ ಕೈ ಮೊದಲೇ ಅಲ್ಲಿರುತ್ತಿತ್ತು. ಕೊನೆಗೆ ಸವಿತಾ ಕೋರ್ಟಿನ ಮಧ್ಯೆಯೇ ಕೂತುಬಿಟ್ಟು, "ಇದ್ ಹೆಣ್ಣಾ ಗ್ವಾಡಿಯಾ ಮಾರಾಯ್ರೆ?" ಅಂದಳು. ನಿಖಿತಾ ನಿಜಕ್ಕೂ ಗೋಡೆಯ ಹಾಗೇ ನಿಂತಿದ್ದಳು; ಎಲ್ಲರೂ ಬಿದ್ದು ಬಿದ್ದು ನಕ್ಕರು. ಒಬ್ಬಳು ಮಾತ್ರ ಬದಿಯ ಕಟ್ಟೆಯ ಮೇಲೆ ಕೂತು ಶೂವಿನ ಲೇಸು ಬಿಚ್ಚುತ್ತಿದ್ದಳು. ನಿಮ್ಮ ಮಗಳು ಮೇಘಾ. ನಿಖಿತಾ ನಿಂತ ಜಾಗ ಅಲ್ಲಿಯವರೆಗೆ ಅವಳದಾಗಿತ್ತು.

ಆ ಸಂಜೆ ಅವಳನ್ನು ಅಂಗಡಿಗೆ ಕರೆಸಿಕೊಂಡೆ. ಚಹಾ ತರಿಸಿದೆ. ಏನು ಹೇಳಬೇಕೆಂದು ತಿಳಿಯದೆ, ತಡೆಯುವವಳು ಒಬ್ಬಳು ಬೇಕು ಅಂತ ನಿನ್ನ ಅಮ್ಮನೇ ಹೇಳುತ್ತಿದ್ದರು ಅಂದೆ. ಸತ್ತವರ ಮಾತನ್ನು ಅಡ್ಡ ಇಟ್ಟುಕೊಂಡು ಮಾತಾಡುವುದು ಎಷ್ಟು ಸುಲಭ, ಅಲ್ಲವೇ? ಅವಳು ಚಹಾ ಕುಡಿದಳು, ಲೋಟ ಕೆಳಗಿಟ್ಟಳು. "ನೀವ್ ಹೇಳುದ್ ಸರಿ ಚಿಕ್ಕಿ. ನಿಖಿತಕ್ಕ ನಂಗಿಂತ ಒಳ್ಳೆದ್ ಆಡ್ತ್. ಆರೆ ಒಂದ್ ಹೇಳಿ, ನಾ ಎಷ್ಟ್ ದಿನ ಹೊರ್ಗ್ ಕೂರ್ಕ್?" ಅವಳು ಕೋಪ ಮಾಡಿಕೊಂಡಿದ್ದರೂ ಆಗುತ್ತಿತ್ತು. ಮಾಡಿಕೊಳ್ಳಲಿಲ್ಲ. ಮರುದಿನ ಎಲ್ಲರಿಗಿಂತ ಮೊದಲು ಕೋರ್ಟಿಗೆ ಬಂದು ನೆಲದ ಪಾಚಿ ಉಜ್ಜುತ್ತಿದ್ದಳು. ಆಮೇಲೆ ಒಬ್ಬಳೇ ದೂರದ ಗೆರೆಯಿಂದ ಚೆಂಡು ಹಾಕುತ್ತಿದ್ದಳು.

ಟೂರ್ನಮೆಂಟಿನ ಮೊದಲ ಪಂದ್ಯ ಗೆದ್ದಾಗ ಊರು ಹೇಗೆ ಉಬ್ಬಿತು ಅಂತೀರಿ! ಮೀನು ಮಾರ್ಕೆಟ್ಟಿನಲ್ಲೂ ನಿಖಿತಾಳದೇ ಮಾತು. ಪಂದ್ಯದ ಮೇಲೆ ಪಂದ್ಯ ಗೆದ್ದೆವು. ಎದುರಿನವರು ಹಾಕುವುದಕ್ಕೇ ಒದ್ದಾಡುತ್ತಿದ್ದರು. ಆದರೆ ನಾವು ಗೆಲ್ಲುತ್ತಿದ್ದದ್ದು ಕೂದಲೆಳೆಯ ಅಂತರದಲ್ಲಿ ಎಂಬುದನ್ನು ಯಾರೂ ನೋಡಲಿಲ್ಲ. ನಮ್ಮ ಹುಡುಗಿಯರು ಎದುರಿನವರ ಬೆನ್ನಟ್ಟುವುದನ್ನು ನಿಲ್ಲಿಸಿದ್ದರು. ಯಾಕೆ ಬಿಟ್ಟೆ ಅಂತ ಕೇಳಿದರೆ, "ಹಿಂದ್ ನಿಖಿತಕ್ಕ ಇತ್ತಲ್ದಾ?" ಅನ್ನುತ್ತಿದ್ದರು. ಆ ನಿಖಿತಕ್ಕ ಆಟ ಮುಗಿದ ಮೇಲೆ ಮಂಡಿಗೆ ಐಸ್ ಕಟ್ಟಿಕೊಂಡು ಕೊಲ್ಲೂರು ಬಸ್ಸಿಗೆ ಕಾಯುತ್ತಿದ್ದಳು. ಒಬ್ಬಳ ಮಂಡಿಯ ಮೇಲೆ ಇಡೀ ತಂಡ ಕೂತಿತ್ತು. ನನಗದು ಕಾಣುತ್ತಿತ್ತು, ಬೈದು ಬೈದು ನನ್ನ ಗಂಟಲು ಹೋಗಿತ್ತು. ಗೆಲ್ಲುತ್ತಿರುವವರಿಗೆ ಬೈದರೆ ಯಾರಿಗೆ ನಾಟುತ್ತದೆ?

ಫೈನಲ್ ಬ್ರಹ್ಮಾವರದಲ್ಲಿ, ಅಲ್ಲಿಯವರ ಎದುರೇ. ಶ್ರೀಧರಣ್ಣ ಎರಡು ಬಸ್ಸು ತುಂಬ ಜನ ತಂದಿದ್ದರು. ಬ್ರಹ್ಮಾವರದವರು ಬುದ್ಧಿವಂತರು ಸುಧಾಕ್ಕ. ನಿಖಿತಾ ಕಾಯುತ್ತಿದ್ದ ಹುಡುಗಿಯನ್ನು ರಿಂಗಿನಿಂದ ದೂರ, ಗೆರೆಯ ಹತ್ತಿರ ನಿಲ್ಲಿಸಿದರು. ನಿಖಿತಾ ಅವಳ ಹಿಂದೆ ಹೋಗಲೇಬೇಕು. ಖಾಲಿಯಾದ ಜಾಗಕ್ಕೆ ಉಳಿದವರು ನುಗ್ಗಿದರು. ನಮ್ಮವರಿಗೆ ಓಡುವ ಅಭ್ಯಾಸವೇ ತಪ್ಪಿಹೋಗಿತ್ತು. ಇನ್ನು ನಾವು ದಾಳಿ ಮಾಡುವಾಗ ಅವರು ನಿಖಿತಾಳನ್ನು ಕಾಯಲೇ ಇಲ್ಲ. ಅವಳಿಗೆ ದೂರದಿಂದ ಹಾಕಲು ಬರುವುದಿಲ್ಲ ಎಂದು ಅವರಿಗೆ ಗೊತ್ತಾಗಿತ್ತು. ಇಬ್ಬಿಬ್ಬರು ಸವಿತಾಳನ್ನು ಮುತ್ತಿಕೊಂಡರು. ಅವಳಿಗೆ ಉಸಿರಾಡಲೂ ಜಾಗ ಸಿಗಲಿಲ್ಲ.

ಹಾಫ್ ಟೈಮಿನಲ್ಲಿ ನಾನು ನೀರಿನ ಬಾಟಲಿ ಹಿಡಿದು ಸುಮ್ಮನೆ ನಿಂತಿದ್ದೆ. ನಿಖಿತಾ ಬಂದು ನನ್ನ ಪಕ್ಕ ಕಾಲು ಚಾಚಿ ಕೂತಳು.

"ನನ್ ಹತ್ರ ಯಾರೂ ನಿಲ್ತಿಲ್ಲೆ, ಕಂಡ್ರಿಯಾ? ದೂರದಿಂದ ಹಾಕೋರ್ ಒಬ್ರ್ ಬೇಕ್ ಜಯಕ್ಕ. ಮೇಘನ್ ಒಳ್ಗ್ ತಕಣಿ."

"ನಿನ್ನ್ ತೆಗುದಾ?"

"ಎಂತಕ್ಕೆ? ಇಬ್ರನ್ನೂ ಆಡ್ಸಿ. ನಾ ಹಿಂದ್ ಕಾಯ್ತೆ, ಮೇಘ ಮುಂದ್ ಹಾಕ್ಲಿ."

ಇಷ್ಟು ದಿನ ಇದು ನನ್ನ ತಲೆಗೆ ಯಾಕೆ ಬರಲಿಲ್ಲ? ಒಬ್ಬಳು ಬಂದರೆ ಇನ್ನೊಬ್ಬಳು ಕೂರಬೇಕು ಅಂತ ನಾವೆಲ್ಲ ಎಣಿಸಿದ್ದೆವು. ಮೇಘಾಳನ್ನು ಕರೆದೆ. ಅವಳು ಜಾಕೆಟ್ಟು ತೆಗೆದು ಮಡಚಿ ಇಟ್ಟು ಒಳಗೆ ಹೋದಳು. ಆಮೇಲೆ ಅವಳು ಹಾಕಿದ್ದನ್ನು ಏನು ಹೇಳಲಿ! ನೀವು ಕಲಿಸಿದ ಹಾಗೆ, ಮೊಣಕೈ ಒಳಗಿಟ್ಟು, ಒಂದಾದ ಮೇಲೊಂದು. ಎದುರಿನವರು ಅವಳ ಕಡೆ ಓಡಿದರೆ ಸವಿತಾಳಿಗೆ ದಾರಿ ಸಿಕ್ಕಿತು. ನಿಖಿತಾ ಕುಂಟುತ್ತಲೇ ಹಿಂದೆ ಕಾಯ್ದಳು. ಅಂಕ ಹತ್ತಿರ ಹತ್ತಿರ ಬಂತು. ಕೊನೆಯ ಚೆಂಡು ಮೇಘಾಳ ಕೈಯಿಂದಲೇ ಹೊರಟು ರಿಂಗಿನ ಮೇಲೆ ಸುತ್ತಿ, ಒಳಗೆ ಬೀಳುತ್ತದೆ ಅನ್ನುವಾಗ... ಬೀಳಲಿಲ್ಲ. ಒಂದೇ ಬಾಸ್ಕೆಟಿನ ಅಂತರದಲ್ಲಿ ಸೋತೆವು.

ಹಿಂದಿರುಗುವಾಗ ಬಸ್ಸಿನಲ್ಲಿ ಶ್ರೀಧರಣ್ಣ ನನ್ನ ಹತ್ತಿರ ಬಂದು ಕೂತು, "ಇಷ್ಟ್ ಒಳ್ಳೆ ಹೆಣ್ಣನ್ನ್ ತಂದೂ ಹಿಂಗಾಯ್ತಲೆ" ಅಂದರು. ಅವರಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನಿಮ್ಮ ಮಾತು ಸುಳ್ಳಾಗಲಿಲ್ಲ. ತಡೆಯುವವಳು ಬಂದದ್ದರಿಂದಲೇ ನಾವು ಫೈನಲಿನ ತನಕ ಹೋದೆವು. ಆದರೆ ಕಪ್ ತನ್ನಿಂತಾನೇ ಬರುವುದಿಲ್ಲ ಸುಧಾಕ್ಕ. ಅವಳೊಬ್ಬಳು ಬಂದಳೆಂದು ಉಳಿದವರು ಕೈ ಬಿಟ್ಟರೆ, ಬಂದವಳೂ ದಣಿಯುತ್ತಾಳೆ, ಅಷ್ಟೇ. ಇದನ್ನು ನಿಮ್ಮ ಹತ್ತಿರ ವಾದ ಮಾಡಬೇಕಿತ್ತು. ನೀವು ಎದ್ದು ನಿಂತು ಕೈ ಆಡಿಸಿ ಜಗಳಕ್ಕೆ ಬರಬೇಕಿತ್ತು.

ಮೊನ್ನೆ ಭಾನುವಾರ ಮೇಘಾ ಅಂಗಡಿಗೆ ಬಂದಳು. ಬ್ಲೌಸಿನ ಬಟ್ಟೆ ತಂದಿರಬಹುದು ಅಂದುಕೊಂಡೆ. ಕೈ ಖಾಲಿ ಇತ್ತು. ಸ್ಟೂಲಿನ ಮೇಲೆ ಕೂತು ಹೇಳಿದಳು: "ಚಿಕ್ಕಿ, ಬ್ರಹ್ಮಾವರದೋರ್ ಕರ್ದ್ರ್. ನಾ ಹೋತೆ. ಅಲ್ಲ್ ಶುರುವಿಂದ್ಲೇ ಆಡುಕ್ ಸಿಕ್ಕತ್ತ್."

ನನಗೆ ಒಂದು ಕ್ಷಣ ಕೈಯಲ್ಲಿದ್ದ ಕತ್ತರಿ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ನೀವು ಕಟ್ಟಿದ ತಂಡದಿಂದ ನಿಮ್ಮ ಮಗಳೇ ಹೋಗುವುದೇ?

"ಅಮ್ಮ ಇದ್ದಿರೆ ಬೈತಿತ್ತಾ?" ಅಂತ ಕೇಳಿದಳು.

"ಬೈತಿತ್ತ್" ಅಂದೆ. "ಮೊದ್ಲ್ ನಂಗೆ. ನಿನ್ನ್ ಹೊರ್ಗ್ ಕೂರ್ಸಿದ್ದಕ್ಕೆ."

ಅವಳ ಕಣ್ಣು ತುಂಬಿತು. ಆದರೂ ಹೋಗುತ್ತೇನೆ ಅಂದಳು, ಹೋಗು ಅಂದೆ. ತಡೆಯಬೇಕಿತ್ತೇ? ನಿಮ್ಮ ಸಮಾಧಾನಕ್ಕೆ ಅವಳನ್ನು ಬೆಂಚಿನ ಮೇಲೆ ಇಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ.

ನಿಖಿತಾ ಇನ್ನೊಂದು ವರ್ಷ ಆಡುತ್ತಾಳಂತೆ, ಮಂಡಿ ಇರುವವರೆಗೆ. ಅಂದರೆ ಬರುವ ಸಲ ಬ್ರಹ್ಮಾವರದವರು ಎದುರು ಬಂದಾಗ ಅವಳು ಕಾಯಬೇಕಾದದ್ದು ನಿಮ್ಮ ಮಗಳನ್ನೇ. ನಿಮಗೆ ಕೊಡುವ ಮಾತು ಇಷ್ಟು: ಸುಧಾಕ್ಕನ ಮಗಳೆಂದು ಒಂದು ಹೆಜ್ಜೆಯೂ ಬಿಡಬೇಡ ಅಂತ ನಿಖಿತಾಳಿಗೆ ನಾನೇ ಹೇಳುತ್ತೇನೆ. ಮೇಘಾಳಿಗೂ ಅವತ್ತೇ ಹೇಳಿದೆ. ಅವಳು ಮೆಟ್ಟಿಲಿಳಿಯುತ್ತಿದ್ದವಳು ತಿರುಗಿ, "ನಿಖಿತಕ್ಕಂಗ್ ಮಂಡಿ ಸರಿ ಮಾಡ್ಕಣುಕ್ ಹೇಳಿ ಚಿಕ್ಕಿ" ಎಂದು ನಕ್ಕಳು.

ನೀವು ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು, ಸುಧಾಕ್ಕ. ಅದನ್ನು ನಿಮಗೆ ತಿಳಿಸಬೇಕಿತ್ತು.

ನಿಮ್ಮ,
ಜಯ